ನೆತ್ತಿಯ ಇರುವೆ, ತೋಳಿನ ವಂಕಿ

ಎಂ.ಸಿ.ಸಿ. 'ಬಿ' ಬ್ಲಾಕಿನ ದ್ರಾಕ್ಷಾಯಣಮ್ಮನ ನೆತ್ತಿಯಲ್ಲಿ ಆ ಮಂಗಳವಾರ ಬೆಳಿಗ್ಗೆ ಸೋಡಾ ಬಾಟಲಿ ಒಡೆದಂತಾಯಿತು. ಚುರ್ರೆಂದು ಎದ್ದ ನೊರೆ ಎಡಗಿವಿಯವರೆಗೆ ಇಳಿಯಿತು. ಅಲ್ಲಿಂದ ಇರುವೆಯ ದಂಡೊಂದು ಬ್ಯಾಂಡು ಬಾರಿಸಿಕೊಂಡು ವಾಪಸು ನೆತ್ತಿಗೆ ಹತ್ತಿತು. ಕೈಯಲ್ಲಿದ್ದ ಸೌಟು ಬಿತ್ತು. ಆ ಸದ್ದಿಗೆ ನಿಜಲಿಂಗಪ್ಪ ಬಡಾವಣೆಯವರೆಗೆ ನಾಯಿಗಳು ಬೊಗಳಿದವು.

"ರೀ, ತಲೆಯೊಳಗ ಏನೋ ಹರಿದಾಡ್ತೈತ್ರಿ!"

ಬಟ್ಟೆ ಅಂಗಡಿಯನ್ನು ಮಗನಿಗೆ ಬಿಟ್ಟು ಪೇಪರಿಗೆ ಅಂಟಿಕೊಂಡಿದ್ದ ಗಂಡ ಪರಮೇಶ್ವರಪ್ಪ ಕತ್ತೆತ್ತಲಿಲ್ಲ. "ಖಾಲಿ ಜಾಗ ಐತಂತ ಯಾರೋ ಬಾಡಿಗಿಗೆ ಬಂದಿರಬೇಕು ಬಿಡು."

"ನಗ್ರಿ, ನಗ್ರಿ. ನರ ಹರದು ನಾ ಸತ್ತಮ್ಯಾಲೆ ನಿಮಗ ಚಾ ಯಾರು ಕಾಸಿಕೊಡ್ತಾರೆ ನೋಡ್ತೀನಿ."

"ಸತ್ತಮ್ಯಾಲೆ ಹೆಂಗೆ ನೋಡ್ತೀ?"

ಸಂಜೆಯೊಳಗೆ ಅವಳು ಮೊಬೈಲಿನಲ್ಲಿ ಮುನ್ನೂರು ವಿಡಿಯೋ ನೋಡಿ ಹದಿನೇಳು ರೋಗ ಖಚಿತಪಡಿಸಿಕೊಂಡಳು. ಅದರಲ್ಲಿ ಎರಡು ಗಂಡಸರಿಗೆ ಮಾತ್ರ ಬರುವಂಥವು. ಮರುದಿನ ಡಾಕ್ಟರ್ ಸಿದ್ದೇಶ್ ಮೊಣಕಾಲಿಗೆ ಸುತ್ತಿಗೆ ಬಡಿದು, ಕಣ್ಣಿಗೆ ಬ್ಯಾಟರಿ ಬಿಟ್ಟು, "ಏನೂ ಇರೋ ಹಂಗೆ ಕಾಣಲ್ಲಮ್ಮ. ನಿಮ್ಮ ಸಮಾಧಾನಕ್ಕೆ ಸ್ಕ್ಯಾನ್ ಮಾಡಿಸೋಣ. ಶನಿವಾರ ರಿಪೋರ್ಟ್ ಬರ್ತೈತೆ" ಎಂದರು.

ಸಮಾಧಾನಕ್ಕೆ! ಸಾಯುವವರ ಹತ್ತಿರವೇ ಡಾಕ್ಟರು ಇಷ್ಟು ಮೆತ್ತಗೆ ಮಾತಾಡುವುದೆಂದು ಅವಳಿಗೆ ಗೊತ್ತಿಲ್ಲವೇ?

ಅವಳೇನು ಸಾವಿಗೆ ಅಂಜಲಿಲ್ಲ. ಯಮನ ಹತ್ತಿರವೂ ಚೌಕಾಸಿ ಮಾಡಿ ಕೋಣದ ಸಮೇತ ಹಿಂದಕ್ಕೆ ಕಳಿಸುವ ಹೆಂಗಸು. ಅವಳು ಅಂಜಿದ್ದು ಸತ್ತ ಅತ್ತೆಗೆ. ಇಪ್ಪತ್ತೆರಡು ವರ್ಷದ ಹಿಂದೆ ಅತ್ತೆ ಕೊನೆಯುಸಿರಿನಲ್ಲಿ, "ನನ್ನ ಬಂಗಾರದ ವಂಕಿ ನಾಗರತ್ನಗೆ ಕೊಡು" ಎಂದಿದ್ದಳು. ನಾಗರತ್ನಮ್ಮ ಎಂದರೆ ಹರಿಹರದ ಮೈದುನನ ಹೆಂಡತಿ. ಕೋಣೆಯಲ್ಲಿ ಇದ್ದವಳು ದ್ರಾಕ್ಷಾಯಣಮ್ಮ ಒಬ್ಬಳೇ. ಹೊರಗೆ ಬಂದು, "ವಂಕಿ ನೀನೇ ಇಟ್ಕೊ ಅಂದ್ರು" ಎಂದು ಭೂಮಿ ಬಿರಿಯುವಂತೆ ಅತ್ತು, ಅಂದೇ ಬಲತೋಳಿಗೆ ಏರಿಸಿದ್ದಳು. ಆಮೇಲೆ ಸ್ನಾನಕ್ಕೂ ತೆಗೆದವಳಲ್ಲ. ಈಗ ಕೈಲಾಸದ ಬಾಗಿಲಲ್ಲೇ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಾಳೆ; ಶಿವನೇ ಅಡ್ಡ ಬಂದರೂ ಬಿಡುವ ಪೈಕಿಯವಳಲ್ಲ.

ಗುರುವಾರ ಹರಿಹರದ ಬಸ್ಸು ಹತ್ತಿದಳು. ವಾರಗಿತ್ತಿಯ ನಡುಮನೆಯಲ್ಲಿ ಕೂತು ಒಂದೇ ಉಸಿರಿಗೆ ಎಲ್ಲವನ್ನೂ ಕಕ್ಕಿದಳು. ನಾಗರತ್ನಮ್ಮ ಒಂದು ಗಳಿಗೆ ಕೆಂಡವಾದಳು. ಆಮೇಲೆ ಅಕ್ಕನ ನೆತ್ತಿ ನೋಡಿ, ತುಂಗಭದ್ರೆ ಎರಡಡಿ ಏರುವಷ್ಟು ಅತ್ತಳು.

"ಇರ್ಲಿ ಬಿಡಕ್ಕ. ಇರೋ ನಾಕು ದಿನ ಹಾಕ್ಕೊ. ಸಾಯೋರ ಮ್ಯಾಲೆ ಎಂಥಾ ಸಿಟ್ಟು? ಆಮೇಲೆ ಹೆಂಗಿದ್ರೂ ನನಗೇ ಬರ್ತೈತಲ್ಲ."

ಶನಿವಾರ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನಕ್ಕರು. "ತಲೆ ಗಟ್ಟಿ ಐತಮ್ಮ. ಚರ್ಮದ ಸಣ್ಣ ನರಗಳು ಆಗಾಗ ಹಿಂಗೆ ಜುಮುಗುಡ್ತಾವೆ, ಅಪಾಯ ಇಲ್ಲ. ಯೋಚನೆ ಮಾಡಿದಷ್ಟೂ ಜಾಸ್ತಿ. ನೂರು ವರ್ಷ ಇರ್ತೀರಿ."

"ನೂರಾ?" ದ್ರಾಕ್ಷಾಯಣಮ್ಮನ ಮುಖ ಸುಟ್ಟ ಬದನೆಕಾಯಿಯಾಯಿತು. "ಸಣ್ಣದೊಂದು ಗಂಟೂ ಇಲ್ಲೇನ್ರಿ? ಇನ್ನೊಂದ್ಸಲ ನೋಡ್ರಿ."

ಖುಷಿ ತಡೆಯಲಾರದೆ ಪರಮೇಶ್ವರಪ್ಪ ಅಲ್ಲಿಂದಲೇ ಹರಿಹರಕ್ಕೆ ಫೋನು ಮಾಡಿದ. ಗಂಡ ಹೆಂಡತಿ ಮಿರ್ಚಿ ಮಂಡಕ್ಕಿ ತಿಂದು ಮನೆ ಸೇರುವಷ್ಟರಲ್ಲಿ ನಾಗರತ್ನಮ್ಮ ಗೇಟಿನಲ್ಲಿ ನಿಂತಿದ್ದಳು. ಅವಳು ಹತ್ತಿದ ಬಸ್ಸು ರೈಲನ್ನೇ ಹಿಂದೆ ಹಾಕಿತ್ತು.

"ಸಾಯಲ್ಲಂತಲ್ಲಕ್ಕ?"

"ಇಲ್ಲಂತವ್ವ." ದ್ರಾಕ್ಷಾಯಣಮ್ಮ ತಲೆ ತಗ್ಗಿಸಿದಳು.

"ನಾ ಮಾಫಿ ಕೊಟ್ಟಿದ್ದು ಸಾಯೋಳಿಗೆ. ಬದುಕೋಳಿಗಲ್ಲ. ಬಿಚ್ಚು."

ಎಣ್ಣೆ ಹಚ್ಚಿದರು, ಸೋಪು ಹಚ್ಚಿದರು. ಕಾಲು ಕೆಜಿ ಬೆಣ್ಣೆ ಕರಗಿತು. ಇಪ್ಪತ್ತೆರಡು ವರ್ಷದ ಬೆಣ್ಣೆದೋಸೆಯೆಲ್ಲ ಆ ತೋಳಿನಲ್ಲೇ ಮನೆ ಕಟ್ಟಿತ್ತು. ನಾಗರತ್ನಮ್ಮ ಗೋಡೆಗೆ ಕಾಲು ಕೊಟ್ಟು ಎಳೆದಳು, ಪರಮೇಶ್ವರಪ್ಪ ಹೆಂಡತಿಯ ಸೊಂಟ ಹಿಡಿದು ಜಗ್ಗಿದ. ಬೀದಿಯ ಕರೆಂಟು ಹೋಗಿ ಬಂತು, ವಂಕಿ ಕದಲಲಿಲ್ಲ.

"ಅಕ್ಕಸಾಲಿಗರ ಹತ್ರ ಕತ್ತರಿಸೋಣೇನು?" ಪರಮೇಶ್ವರಪ್ಪ ಏದುಸಿರು ಬಿಟ್ಟ.

"ಅತ್ತೆ ವಂಕಿಗೆ ಕತ್ತರಿ ಬ್ಯಾಡ್ರಿ ಭಾವಾರ. ಬೇಕಾದ್ರೆ ತೋಳು ಕತ್ತರಿಸ್ರಿ." ನಾಗರತ್ನಮ್ಮ ಬೆವರು ಒರೆಸಿಕೊಂಡು ತೀರ್ಪು ಕೊಟ್ಟಳು. "ಕೇಳಕ್ಕ. ವಂಕಿ ನಂದು, ತೋಳು ನಿಂದು. ಇನ್ನುಮ್ಯಾಲೆ ನಾ ಹೋದ ಮದುವಿಗೆಲ್ಲ ನೀ ಬರಬೇಕು. ನನ್ನ ಪಕ್ಕಕ್ಕೇ ಕೂಡ್ರಬೇಕು."

ಮುಂದಿನ ವಾರವೇ ಹರಿಹರದಲ್ಲಿ ಕೊಂಡಜ್ಜಿ ಊರಿನ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ನಾಗರತ್ನಮ್ಮ ಅಕ್ಕನ ಬಲಗೈಯನ್ನು ತನ್ನ ತೊಡೆಯ ಮೇಲೆ ಎಳೆದಿಟ್ಟುಕೊಂಡು, ಹೋಗಿಬರುವವರನ್ನೆಲ್ಲ ನಿಲ್ಲಿಸುತ್ತಿದ್ದಳು: "ನೋಡ್ರಿ, ನಮ್ಮತ್ತೆ ನನಗ ಕೊಟ್ಟಿದ್ದು."

ದ್ರಾಕ್ಷಾಯಣಮ್ಮ ಎಲೆಯ ಮೇಲೆ ಆರುತ್ತಿದ್ದ ಹೋಳಿಗೆಯನ್ನು ನೋಡಿದಳು. "ಊಟಕ್ಕಾದ್ರೂ ಕೈ ಬಿಡೇ."

"ತಡಿಯಕ್ಕ, ಆ ಸಾಲಿನೋರು ಇನ್ನೂ ನೋಡಿಲ್ಲ."