ಕವರು ಬಿಚ್ಚದ ಪುಸ್ತಕ

ನಮ್ಮ ಪಯ್ಯನ್ನೂರಿನ ಸುತ್ತಮುತ್ತ ಪುಸ್ತಕ ಕೊಳ್ಳದ ಮನೆಗೆ ಮರ್ಯಾದೆ ಕಮ್ಮಿ. ಪ್ರತಿ ಜನವರಿಯಲ್ಲಿ ವಿಜ್ಞಾನದ ನಾಟಕ ತಂಡವೊಂದು ಊರಿಗೆ ಬರುತ್ತದೆ. ಅವರಿಗೆ ಹಾರ ಹಾಕುವ ಪದ್ಧತಿ ಇಲ್ಲ, ಊರವರು ತಂಡದವರ ಹೊಸ ಪುಸ್ತಕಗಳನ್ನು ಕೊಂಡರೆ ಅದೇ ಸ್ವಾಗತ. ತಂಡ ಬರುವ ಮೊದಲು ನಾವು ನಾಲ್ಕಾರು ಜನ ಚೀಲ ಹೊತ್ತು ಮನೆಮನೆ ತಿರುಗುತ್ತೇವೆ. ಕೊಳ್ಳುವುದರಲ್ಲಿ ಯಾರೂ ಹಿಂದೆ ಬೀಳುವುದಿಲ್ಲ. ಓದುವ ಮಾತು ಬೇರೆ. ಗಾಜಿನ ಶೋಕೇಸಿನಲ್ಲಿ, ದುಬೈಯಿಂದ ಬಂದ ಗೊಂಬೆಗಳ ಪಕ್ಕದಲ್ಲಿ, ಪ್ಲಾಸ್ಟಿಕ್ ಕವರನ್ನೂ ಬಿಚ್ಚದೆ ನಿಲ್ಲಿಸಿಬಿಡುತ್ತಾರೆ. ಧೂಳು ಕೂರಬಾರದಲ್ಲ! ಜೀವಮಾನವೆಲ್ಲ ಮಕ್ಕಳಿಗೆ ಅಕ್ಷರ ಕಲಿಸಿದ ನನಗೆ ಅದನ್ನು ಕಂಡರೆ ಮೈ ಉರಿಯುತ್ತದೆ.

ಹೋದ ವರ್ಷದವರೆಗೆ ನಮ್ಮ ಗುಂಪಿನ ಹುಲಿ ಎಂದರೆ ಪವಿತ್ರನ್. ಆಟೋ ಓಡಿಸುವವನು. ಅವನು ಬಾಯಿ ತೆರೆದರೆ ಬೇಡ ಎನ್ನುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ. "ನಕ್ಷತ್ರದ ಪುಸ್ತಕ ತಗೊಳ್ಳಿ ಏಚ್ಚಿ, ಗಂಡ ತಡವಾಗಿ ಬಂದ್ರೆ ಎಣಿಸ್ತಾ ಕೂರಬಹುದು" ಎಂದು ಅಕ್ಕಂದಿರನ್ನು ನಗಿಸಿ ಮಾರುತ್ತಿದ್ದ. ಓದುತ್ತಿದ್ದುದು ಮಾತ್ರ ಹಿಂಬದಿಯ ನಾಲ್ಕು ಸಾಲು. ಹೋದ ವರ್ಷ ಹಾವುಗಳ ಮೇಲೊಂದು ಒಳ್ಳೆಯ ಪುಸ್ತಕ ಬಂದಿತ್ತು. ಅದನ್ನು ಹೆಚ್ಚು ಮಾರಿದವನು ಅವನೇ. ಒಂದನ್ನು ತನ್ನ ಮನೆಗೂ ಒಯ್ದು ಶೋಕೇಸಿನಲ್ಲಿಟ್ಟ.

ಮಳೆ ಹಿಡಿಯುವ ಮುಂಚಿನ ಸೆಕೆಗೆ ಅವನ ಮಗಳು ತುಷಾರಾ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದಳು. ಮೂರನೇ ಕ್ಲಾಸಿನ ಹುಡುಗಿ. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದಳು. ಕಚ್ಚಿದ ಗುರುತು ಎಲ್ಲೂ ಇರಲಿಲ್ಲ. ಹಿಂದಿನ ದಿನ ತಿಂದ ಹಲಸು ಕೆಟ್ಟಿರಬೇಕೆಂದು ಓಮಿನ ನೀರು ಕುಡಿಸಿದರು. ಬೆಳಕು ಹರಿಯುವಷ್ಟರಲ್ಲಿ ಮಗುವಿನ ಉಸಿರು ನಿಂತಿತ್ತು. ಚಾಪೆಯಡಿ ಕಟ್ಟಹಾವು, ಬಿಳಿ ಪಟ್ಟೆಯ ವಿಷದ ಹಾವು, ಸಿಕ್ಕಿತು. ಆಟೋ ಅಂಗಳದಲ್ಲೇ ಇತ್ತು, ಆಸ್ಪತ್ರೆ ದೂರವೂ ಇರಲಿಲ್ಲ. ಆ ಹಾವು ಕಚ್ಚಿದರೆ ನೋವೇ ಆಗದು, ಗುರುತೂ ಕಾಣದು ಎಂಬುದೆಲ್ಲ ಶೋಕೇಸಿನ ಪುಸ್ತಕದಲ್ಲಿ ಬರೆದಿತ್ತು.

ಅಂದಿನಿಂದ ಪವಿತ್ರನ್ ಮನೆ ಬಿಟ್ಟು ಹೊರಗೆ ಬಂದಿರಲಿಲ್ಲ. ಹೆಂಡತಿ ವಿಲಾಸಿನಿ ಅನ್ನ ಬಡಿಸುತ್ತಿದ್ದಳು, ಬಟ್ಟೆ ಒಗೆದಿಡುತ್ತಿದ್ದಳು, ಅವನ ಜೊತೆ ಮಾತು ಮಾತ್ರ ಆಡುತ್ತಿರಲಿಲ್ಲ.

ಈ ಜನವರಿಯಲ್ಲೂ ಚೀಲ ತುಂಬಿತು. ಅಣಬೆಗಳ ಮೇಲೆ, ಮೋಡಗಳ ಮೇಲೆ, ಚಿಟ್ಟೆಗಳ ಮೇಲೆ ಒಂದಕ್ಕಿಂತ ಒಂದು ಚೆಂದದ ಹೊಸ ಪುಸ್ತಕಗಳು. ಹಾವಿನದೂ ಮತ್ತೆ ಅಚ್ಚಾಗಿ ಬಂದಿತ್ತು. ನಮ್ಮ ಮುಂದಾಳು ಅಂಬು ಏಟ್ಟ, ಊರಿಗೆಲ್ಲ ಅಣ್ಣ. ಬೀಡಿ ಕಟ್ಟುವ ಕಾಲದಲ್ಲಿ ಕೆಲಸದವರಿಗೆ ಪೇಪರು ಓದಿ ಹೇಳುತ್ತಿದ್ದ ಹಳೆಯ ಆಸಾಮಿ. ಪವಿತ್ರನ್ ಮನೆಯ ಗೇಟಿನ ಬಳಿ ನಿಂತು, ಹಾವಿನ ಪುಸ್ತಕಗಳನ್ನೆಲ್ಲ ಚೀಲದ ತಳಕ್ಕೆ ತುರುಕತೊಡಗಿದ.

"ಏನು ಮಾಡ್ತಿದ್ದೀರಿ?" ಎಂದೆ.

"ಸುಮ್ಮನಿರಿ ಟೀಚರೇ. ಒಂದು ಮನೇನೂ ಬಿಡಬಾರದು ಅಂತ ನಾನೇ ಕಟ್ಟು ಮಾಡಿದ್ದು. ಹಾಗಂತ ಆ ಹಾವಿನ ಚಿತ್ರ ತೋರಿಸೋಕಾಗತ್ತಾ? ಚಿಟ್ಟೆ ತೋರಿಸೋಣ, ಬೇಡ ಅಂದ್ರೆ ನೀರು ಕುಡಿದು ಎದ್ದು ಬರೋಣ."

ವಿಲಾಸಿನಿ ಕಪ್ಪು ಚಹಾ ಕೊಟ್ಟಳು. ಪವಿತ್ರನ್ ಒಳಬಾಗಿಲ ಪಕ್ಕ ಗೋಡೆಗೊರಗಿ ಕೂತಿದ್ದ. ಗಡ್ಡ ಬೆಳೆದು ಗುರುತೇ ಸಿಗುವಂತಿರಲಿಲ್ಲ. ಅಂಬು ಏಟ್ಟ ಚಿಟ್ಟೆಯ ಪುಸ್ತಕ ಮುಂದೆ ಚಾಚಿದ.

"ಹಾವಿನದು ಎಲ್ಲಿ?" ಎಂದಳು ವಿಲಾಸಿನಿ.

"ಈ ಸಲ ಬಂದಿಲ್ಲಮ್ಮ."

"ಏಟ್ಟಾ, ಈ ವಯಸ್ಸಿಗೆ ನಿಮಗೆ ಸುಳ್ಳು ಒಪ್ಪಲ್ಲ. ಪಕ್ಕದ ಮನೆ ರೋಹಿಣಿ ಈಗಷ್ಟೇ ತೋರಿಸಿದಳು." ಚೀಲಕ್ಕೆ ಕೈ ಹಾಕಿ ತಳದಿಂದ ಒಂದನ್ನು ತಾನೇ ಎಳೆದಳು. "ನಮ್ಮದನ್ನ ನಾನು ಬಿಚ್ಚಿದೆ. ಮಗಳು ಹೋದ ಮೇಲೆ. ಆ ಪುಟ ಬಾಯಿಪಾಠ ಆಗಿದೆ ನನಗೆ. ಇಲ್ಲಿ ಎಷ್ಟು ಮನೇಲಿ ಇದೇ ಪುಸ್ತಕ ಇದೆ? ಎಲ್ಲ ಇವರೇ ಮಾರಿದ್ದು. ಒಬ್ಬರಾದ್ರೂ ಕವರು ಬಿಚ್ಚಿದ್ದಾರಾ?"

ಪವಿತ್ರನ್ ತಲೆ ಎತ್ತಲಿಲ್ಲ.

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಚಪ್ಪಲಿ ಮೆಟ್ಟಿದಳು. "ನಡೀರಿ ಟೀಚರೇ. ನಾನೂ ಬರ್ತೀನಿ."

ಅವಳಿಗೆ ಮಾರುವುದೇ ಬೇಕಿರಲಿಲ್ಲ. ಪ್ರತಿ ಮನೆಯ ಒಳಗೆ ಹೋಗಿ, ಹೋದ ವರ್ಷದ್ದು ಶೋಕೇಸಿನಲ್ಲಿದ್ದರೆ ತೆಗೆಸಿ, ಕವರು ಹರಿದು, ಆ ಪುಟ ಓದುತ್ತಿದ್ದಳು. ಜನ ಕೂತು ಕೇಳಿದರು. ಅವಳ ಎದುರು ಕೇಳದೆ ಏನು ಮಾಡುವುದು? ಒಬ್ಬಾಕೆ ಮಾತ್ರ, "ಏಚ್ಚಿ, ಕವರು ಇರಲಿ, ಗಲೀಜಾಗತ್ತೆ" ಎಂದು ರಾಗ ಎಳೆದಳು. ನನಗೆ ಬಂದ ಕೋಪಕ್ಕೆ ಕವರನ್ನು ನಾನೇ ಚರ್ರನೆ ಹರಿದೆ.

ಅದೇ ಓಣಿಯ ಕುಂಞಂಬುವಿನ ಮನೆಯ ಜಗಲಿಯಲ್ಲಿ ಕೂತು ಅವಳು ಓದುತ್ತಿದ್ದಾಗ ಬೇಲಿಯಾಚೆ ಯಾರೋ ನಿಂತದ್ದು ಕಂಡಿತು. ಪವಿತ್ರನ್. ಬರಿಗಾಲಿನಲ್ಲೇ ನಮ್ಮ ಹಿಂದೆ ಬಂದಿದ್ದ. ಊರಿಗೆಲ್ಲ ಮಾರಿದ ಪುಸ್ತಕದಲ್ಲಿ ಏನಿದೆ ಎಂದು ಅವನು ಕೇಳುತ್ತಿದ್ದುದು ಅದೇ ಮೊದಲು. ವಿಲಾಸಿನಿಯೂ ನೋಡಿದಳು. ನಿಲ್ಲಿಸಲಿಲ್ಲ, ದನಿ ಏರಿಸಿದಳು.

"ನೆಲದ ಮೇಲೆ ಮಲಗಿದ್ದ ಮಗು ಹೊಟ್ಟೆನೋವೆಂದು ಎದ್ದರೆ, ಕಚ್ಚಿದ ಗುರುತು ಕಾಣದಿದ್ದರೂ, ಕಣ್ಣುಗಳನ್ನು ನೋಡಿ. ರೆಪ್ಪೆಗಳು ಜೋತು ಬೀಳುತ್ತಿದ್ದರೆ ಅದು ನಿದ್ದೆಯಲ್ಲ. ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಹೊರಡಿ."

ಪವಿತ್ರನ್ ಬೇಲಿಯ ಕಂಬ ಹಿಡಿದುಕೊಂಡ.

"ವಿಲಾಸಿನೀ, ನಿದ್ದೆ ಬರ್ತಿದೆ ಅಪ್ಪಾ ಅಂದಳು. ಕಣ್ಣು ತೆಗೆಯೋಕಾಗ್ತಿರಲಿಲ್ಲ ಅವಳಿಗೆ. ನೀನು ಓಮಿನ ನೀರು ಕಾಸೋಕೆ ಹೋಗಿದ್ದೆ. ನಾನೇ ಬೆನ್ನು ತಟ್ಟಿ ಮಲಗಿಸಿದೆ. ಚೆನ್ನಾಗಿ ನಿದ್ದೆ ಹತ್ತಿತು ಅಂತ ಸಮಾಧಾನ ಬೇರೆ ಪಟ್ಟೆ."

ಅಂಬು ಏಟ್ಟ ಹೆಗಲ ಬಟ್ಟೆಯಿಂದ ಮುಖ ಮುಚ್ಚಿಕೊಂಡ. ನನಗೂ ಅಳು ತಡೆಯಲಾಗಲಿಲ್ಲ.

ವಿಲಾಸಿನಿ ಅಳಲಿಲ್ಲ. ಎದ್ದು ಬೇಲಿಯ ತನಕ ನಡೆದಳು. ಬಿಚ್ಚಿದ ಪುಸ್ತಕವನ್ನು ಅವನ ಕೈಯಲ್ಲಿಟ್ಟಳು.

"ಮುಂದಿನ ಮನೇಲಿ ನೀವು ಓದಿ" ಎಂದಳು.