ತಲೆ ಬಗ್ಗಿಸಿದವರ ಸಾಕ್ಷಿ

ಜಪಾನಿ ಕರ್ನಲ್ ಮೊರಿಶಿಮಾ ನೇಣಿಗೇರಿದ್ದು ತನ್ನ ಸಾಕ್ಷಿಯಿಂದಲೇ ಎಂದು ಶಿವಪುತ್ರಪ್ಪ ಐವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದರು. ಎರಡನೇ ಮಹಾಯುದ್ಧದಲ್ಲಿ ಸಿಂಗಾಪುರದಲ್ಲಿ ಜಪಾನಿಯರಿಗೆ ಸೆರೆಸಿಕ್ಕ ಬ್ರಿಟಿಷ್ ಸೈನ್ಯದ ಸಿಪಾಯಿ. ಯಾವುದೋ ದ್ವೀಪದ ಕ್ಯಾಂಪಿನಲ್ಲಿ ಮೂರು ವರ್ಷ ಕಾಡುಸೊಪ್ಪು ಬೇಯಿಸಿ ತಿಂದು ಬದುಕಿದವರು. ಪ್ರತಿ ಆಗಸ್ಟಿನಲ್ಲಿ ಹ್ಯೂಸ್ಟನ್ನಿನ ಕನ್ನಡದವರು ಈ ಕತೆ ಹೇಳಿಸಿ ಶಾಲು ಹೊದಿಸುತ್ತಿದ್ದರು.

1999ರ ಆ ಮಧ್ಯಾಹ್ನ, ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡಿನಲ್ಲಿದ್ದ ಮಗಳ ಮನೆಗೆ ಆಸ್ಟಿನ್ನಿನಿಂದ ಇತಿಹಾಸದ ವಿದ್ಯಾರ್ಥಿನಿ ತುಳಸಿ ಬಂದಿದ್ದಳು. ಆ ಕರ್ನಲ್‌ನ ಬದುಕೇ ಅವಳ ಥೀಸಿಸ್. ಟೇಪ್ ತಿರುಗುತ್ತಿತ್ತು.

"ಕಣ್ಣಾಗ ಕಣ್ಣಿಟ್ಟು ನೋಡಿದ್ನಿ, ತಂಗಿ. ಕೋರ್ಟಿನಾಗ ಬೆರಳು ಮಾಡಿ ತೋರಿಸಿದ್ನಿ, ಇವನ ಅಂತ."

"ತಾತ, ಕ್ಯಾಂಪಿನ ರೂಲ್ಸ್ ಓದಿದೆ. ಕಮಾಂಡರ್ ದಾಟೋ ತನಕ ಕೈದಿಗಳು ಬಗ್ಗಿ ನೆಲ ನೋಡ್ಬೇಕಿತ್ತು, ತಲೆ ಎತ್ತಿದ್ರೆ ಹೊಡೆತ. ನೀವು ಮುಖ ಯಾವಾಗ ನೋಡಿದ್ರಿ?"

ಆಸ್ಪತ್ರೆಗೆ ಹೊರಡಲು ಡಬ್ಬಿ ಕಟ್ಟುತ್ತಿದ್ದ ಮಗಳು ಡಾಕ್ಟರ್ ಗೀತಾ, "ನೀ ವಕೀಲಿ ಮಾಡಬೇಕಿತ್ತು ನೋಡು," ಎಂದು ನಕ್ಕಳು.

ಶಿವಪುತ್ರಪ್ಪ ನಗಲಿಲ್ಲ. ಇನ್ನೊಂದು ಸುಳ್ಳು ಸೇರಿಸಿದರೆ ಮುಗಿದುಹೋಗುತ್ತಿತ್ತು. ಆದರೆ ಈ ಹುಡುಗಿ ಅದನ್ನೂ ನಂಬಿ ಬರೆದುಕೊಳ್ಳುತ್ತಿದ್ದಳು.

"ಬೂಟು ನೋಡಿದ್ನಿ," ಎಂದರು. "ಮೂರು ವರ್ಷ ಬರೇ ಬೂಟು. ಮುಖ ನೋಡಿದ್ದು ಜಪಾನದವರು ಶರಣಾದ ದಿನಾನ. ಮುಂದ ನಿಂತಾವ ಕತ್ತಿ ಬಿಚ್ಚಿ ಎರಡೂ ಕೈಲೆ ಕೊಟ್ಟ. ಆ ಬೂಟಿನಾವ ಇವನ ಇರಬೇಕು ಅಂದ್ಕೊಂಡ್ನಿ."

ತುಳಸಿ ತನ್ನ ಹಾಳೆ ತಿರುವಿದಳು. "ಮೊರಿಶಿಮಾ ಅಲ್ಲಿಗೆ ಬಂದಿದ್ದೇ ಶರಣಾಗೋಕೆ ಏಳು ವಾರ ಮುಂಚೆ. ಹಳೇ ಕಮಾಂಡರ್ ಮಲೇರಿಯಾದಲ್ಲಿ ಸತ್ತಿದ್ದ. ಮೊರಿಶಿಮಾ ಮೇಷ್ಟ್ರ ಮಗ, ಸೈನ್ಯಕ್ಕೆ ಭೂಪಟ ಬರೀತಿದ್ರು. ಕೋರ್ಟಲ್ಲಿ 'ಕ್ಯಾಂಪು ನನ್ನದು, ಹೊಣೆ ನನ್ನದು' ಅಂದ್ರಂತೆ, ಅಷ್ಟೇ."

"ಕ್ಯಾಂಪಿನಾಗ ನನ್ನ ಜೋಡಿ ಇದ್ದ ನಮ್ಮ ಹಣಮಂತನ್ನ ಬಡದು ಕೊಲ್ಲಿಸಿದಾವ?"

"ಇವರಲ್ಲ, ತಾತ."

"ಸಾಕು ಮಾಡವಾ," ಎಂದಳು ಗೀತಾ. ಈಗ ಅವಳ ದನಿಯಲ್ಲಿ ನಗೆಯಿರಲಿಲ್ಲ. "ಅಪ್ಪಾ, ನೆನಪಿಲ್ಲ ಅನ್ರಿ."

"ನೆನಪೈತಿ. ಅದ ತ್ರಾಸು." ಅವರು ಟೇಪಿನ ಕಡೆಗೆ ಬಾಗಿದರು. "ಯಾರರ ಒಬ್ಬ ಸಾಯಬೇಕಾಗಿತ್ತು ನಮಗ. ಕೊಲ್ಲಿಸಿದಾವನ ಮುಖ ಗೊತ್ತಿಲ್ದ ಬೆರಳು ಮಾಡಿದ್ನಿ. ಹಿಂಗ ಬರಿ, ತಂಗಿ. ನನ್ನ ಹೆಸರು ಹಾಕಿ ಬರಿ."

ತುಳಸಿ ಬರೆದಳು. ಗೀತಾ ಕೀಲಿ ತೆಗೆದುಕೊಂಡಳು. ದಿನವೂ 'ಹೋಗಿ ಬರ್ತೀನ್ರಿ ಅಪ್ಪಾ' ಅನ್ನದೆ ಹೊಸ್ತಿಲು ದಾಟದವಳು, ಏನೂ ಅನ್ನದೆ ಹೋದಳು. ಗ್ಯಾರೇಜಿನ ಬಾಗಿಲು ಎದ್ದು, ಮತ್ತೆ ಇಳಿದು ನೆಲಕ್ಕೆ ತಾಗುವವರೆಗೂ ಶಿವಪುತ್ರಪ್ಪ ಕೇಳಿಸಿಕೊಳ್ಳುತ್ತ ಕೂತಿದ್ದರು.