ಐದು ಹಲ್ಲಿನ ಏಡಿ

"ಒಸಿ ತಲೆ ಹಿಡ್ಕೊಳ್ರಪ್ಪಾ, ವಾಲ್ತಾ ಐತೆ!" ಸಮಾಧಿ ಗುಣಿಯ ಮೇಲಿನಿಂದ ಜಂಗಮರಾದ ಗವಿಸಿದ್ದಯ್ಯನವರು ಕೂಗಿದರು. ಕೆಳಗಿದ್ದ ಇಬ್ಬರು ಶಂಭುಲಿಂಗ ಮೇಷ್ಟ್ರ ದೇಹವನ್ನು ಗೂಡಿನೊಳಗೆ ಕೂರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟರು.

ಮಗಳು ಹೇಮಶ್ರೀ ಅಂಚಿನಲ್ಲಿ ನಿಂತಿದ್ದಳು. ಅವಳ ಸೆರಗಿನ ಗಂಟಿನಲ್ಲಿ ಕಲ್ಲಾಗಿಹೋದ ಏಡಿಯೊಂದಿತ್ತು.

"ನಮ್ಮಣ್ಣಯ್ಯ ಮದ್ವೆ ದಿವ್ಸಾನೂ ಹೆಣ್ಣ ಬುಟ್ಟು ಆ ಕಲ್ಲು ನಳ್ಳೀನೇ ನೋಡ್ತಾ ಕುಂತಿದ್ದ," ಎಂದು ಸೋದರತ್ತೆ ರೇವಮ್ಮ ಅಳುತ್ತಲೇ ನಕ್ಕಳು.

ಮೇಷ್ಟ್ರ ಶಿಷ್ಯ ರುದ್ರಪ್ರಸಾದ್ ಹತ್ತಿರ ಬಂದ. "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಆ ಕಲ್ಲು ಇವತ್ತೇ ಕೊಟ್ಬುಡಿ, ಮ್ಯೂಸಿಯಮ್ಮಿಗೆ ತಗೊಂಡೋಯ್ತೀನಿ. ಪರೀಕ್ಷೆ ಮಾಡೋರು ಕಾಯ್ತಾವ್ರೆ. ಕಲ್ಲು ನೋಡ್ದೆ ಹೊಸ ಜಾತಿ ಏಡಿ ಅಂತ ಯಾರೂ ಒಪ್ಪಲ್ಲ."

ಹೇಮಶ್ರೀ ಸೆರಗಿನ ಗಂಟನ್ನು ಮುಷ್ಟಿಯೊಳಗೆ ಹಿಡಿದುಕೊಂಡಳು.

*

ಮೇಷ್ಟ್ರು ನಲವತ್ತು ವರ್ಷದ ಹಿಂದೆ ಕಚ್ಛ್‌ನಿಂದ ತಂದ ಕಲ್ಲು ಅದು. ಏಡಿಯ ಬೆನ್ನಚಿಪ್ಪಿನ ಬಲಭಾಗ ಸವೆದುಹೋಗಿತ್ತು. ಎಡಭಾಗಕ್ಕೆ ಗಟ್ಟಿ ಮಣ್ಣು ಕಚ್ಚಿಕೊಂಡಿತ್ತು. ಮೇಷ್ಟ್ರ ಕಣ್ಣಿಗೆ ಪೊರೆ ಬಂದ ಮೇಲೆ ಆ ಮಣ್ಣನ್ನು ಸೂಜಿಯಿಂದ ಬಿಡಿಸುವ ಕೆಲಸ ಮಗಳ ಪಾಲಿಗೆ ಬಂತು. ಕಳೆದ ಆಷಾಢದಲ್ಲಿ ಸೂಜಿ ಜಾರಿ, ಚಿಪ್ಪಿನ ಅಂಚಿನಲ್ಲಿ ಹಲ್ಲಿನಂತೆ ಸಾಲಾಗಿದ್ದ ಮೊನೆಗಳಲ್ಲಿ ಕೊನೆಯದು, ಎಳ್ಳು ಗಾತ್ರದ್ದು, ಮುರಿದು ಉದುರಿತು. ಆ ಚೂರನ್ನು ಅವಳು ಬಟ್ಟೆಯಿಂದ ಒರೆಸಿಬಿಟ್ಟಳು.

ಮರುದಿನ ಮೇಷ್ಟ್ರು ಉಗುರಿನ ತುದಿಯಿಂದ ತಡವಿ ಎಣಿಸಿದರು. "ಉದ್ದಕ್ಕಿಂತ ಅಗಲ ಜಾಸ್ತಿ. ನಡುವೆ ಎರಡು ಗೀರು. ಅಂಚಿಗೆ ಐದೇ ಹಲ್ಲು ಕಣವ್ವ! ಗೊತ್ತಿರೋ ಜಾತಿಗೆಲ್ಲ ಆರು. ಇದು ಬೇರೇನೇ. ನಿಮ್ಮವ್ವನ ಹೆಸ್ರು ಇಡಾನ."

ಹೇಳಿಬಿಡೋಣವೆಂದು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಮುದುಕರು ಹೆಂಡತಿಯ ಪಟದ ಮುಂದೆ ನಿಂತು ಮಗುವಿನ ಹಾಗೆ ಅಳುತ್ತಿದ್ದರು.

*

"ಕೊಡಿ ಅಕ್ಕಾ," ರುದ್ರಪ್ರಸಾದ್ ಕೈ ಚಾಚಿದ. "ಭೂತಗನ್ನಡಿ ಹಿಡಿದ್ರೆ ಐದು ನಿಮಿಷದ ಕೆಲಸ."

ಭೂತಗನ್ನಡಿಯ ಕೆಳಗೆ ಹೊಸ ಮುರಿತ ಬೆಳ್ಳಗೆ ಕಾಣುತ್ತದೆಂದು ಅವಳಿಗೆ ಗೊತ್ತಿತ್ತು.

"ಅಪ್ಪಾಜಿ ಜೊತೇಲೇ ಮಡಗ್ಬೇಕು," ಎಂದಳು. "ಅವ್ರೇ ಹೇಳಿದ್ರು."

"ನನ್ ತಾವ ಒಂದು ಮಾತೂ ಅನ್ಲಿಲ್ವಲ್ಲ!" ಎಂದ ಅವನು.

ಗವಿಸಿದ್ದಯ್ಯನವರು ಹುಬ್ಬು ಗಂಟಿಕ್ಕಿದರು. "ಲಿಂಗ ಇರೋ ತಾವ ಇನ್ನೊಂದು ಕಲ್ಲು ಯಾಕವ್ವ? ನಿಮ್ಮಪ್ಪನ ಮಾತೇ ಆದ್ರೆ, ಆ ಲಿಂಗದ ಮೇಲೆ ಆಣೆ ಮಾಡು."

ಹೇಮಶ್ರೀ ತಂದೆಯ ಅಂಗೈ ನೋಡಿದಳು.

"ಆಣೆಗೂ," ಎಂದಳು.

ಕಲ್ಲು ಗುಣಿಗಿಳಿಯಿತು. ಅದರ ಮೇಲೆ ಪತ್ರೆ, ವಿಭೂತಿ, ಉಪ್ಪು, ಕೊನೆಗೆ ಮಣ್ಣು. ಗಂಡಸರು ಮಣ್ಣು ತುಳಿದು ಗಟ್ಟಿ ಮಾಡಿದರು. ಅಯ್ಯನವರು ಸಾಕೆಂದಾಗ ಒಬ್ಬೊಬ್ಬರೇ ಮಣ್ಣಿನ ದಿಬ್ಬದಿಂದ ಕೆಳಗಿಳಿದರು. ರೇವಮ್ಮ ಎರಡು ಸಲ ಕರೆದಳು. ಸೀರೆಯ ನಿರಿಗೆ ಎತ್ತಿ ಹಿಡಿದು, ಬರಿಗಾಲಿನಲ್ಲಿ, ಹೇಮಶ್ರೀ ಇನ್ನೂ ತುಳಿಯುತ್ತಲೇ ಇದ್ದಳು.